ಸಮುದ್ರ ಕಲಸಿದ ದುಗ್ಗವ್ವ

ಬಹಳ ಹಿಂದೆ, ಯಾವ ರಾಜನ ಕಾಲ ಅಂತ ಕೇಳಿದರೆ ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಬಿಳಿಗಲ್ಲೂರು ಅಂತ ಒಂದು ಊರಿತ್ತಂತೆ. ಆ ಊರಿಗೂ ಸಮುದ್ರಕ್ಕೂ ನಡುವೆ ಘಟ್ಟವಿತ್ತು, ಕಾಡಿತ್ತು, ಎತ್ತಿನ ಗೊರಸು ಸವೆಯುವಷ್ಟು ದಾರಿಯಿತ್ತು. ಅಲ್ಲಿ ಹಾಲಪ್ಪ ಅಂತ ಒಬ್ಬ ಇದ್ದ. ವರ್ಷಕ್ಕೊಮ್ಮೆ ಎತ್ತು ಹೊಡೆದುಕೊಂಡು ಘಟ್ಟ ಇಳಿಯುತ್ತಿದ್ದ, ಉಪ್ಪು ಹೇರಿಕೊಂಡು ಬರುತ್ತಿದ್ದ. ಒಂದು ವರ್ಷ ಉಪ್ಪಿನ ಜೊತೆ ಹೆಂಡತಿಯನ್ನೂ ಕರೆದುಕೊಂಡು ಬಂದ. ಉಪ್ಪು ತರಲು ಹೋದವನು ಉಪ್ಪು ಹಾಕುವವಳನ್ನೂ ತಂದ ಅಂತ ಊರವರು ನಕ್ಕರಂತೆ.

ಅವಳೇ ದುಗ್ಗಿ. ಕಡಲ ದಂಡೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವವರ ಮಗಳು. ಸೀರೆ ಒಡವೆ ಹೆಚ್ಚೇನೂ ತರಲಿಲ್ಲ, ಅಗಲ ಬಾಯಿಯ ಒಂದು ಭರಣಿ ತಂದಳು. ಭರಣಿಯಲ್ಲಿ ಸಮುದ್ರದ ನೀರು, ನೀರಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಉಸಿರಾಡುವ ಒಂದು ಕಡಲ ಹೂವು, ಹೂವಿನ ಎಸಳಿನ ನಡುವೆ ಪಟ್ಟೆಪಟ್ಟೆಯ ಎರಡು ಮೀನು. ಅತ್ತೆ ಕೆಂಚವ್ವ ಇಣುಕಿ ನೋಡಿ, ಇದನ್ನು ಸಾರು ಮಾಡುವುದೋ ಹುರಿಯುವುದೋ ಅಂತ ಕೇಳಿದಳಂತೆ. ಸಾಕುವುದು ಅಂದಳು ದುಗ್ಗಿ. ಹಾಲು ಕೊಡದ್ದನ್ನು, ಮನೆ ಕಾಯದ್ದನ್ನು ಯಾಕೆ ಸಾಕುತ್ತಾರೆ ಅಂತ ಕೆಂಚವ್ವನಿಗೆ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ.

ತಂದ ನೀರು ಹಳತಾಯಿತು, ಹೂವು ಮುದುಡಿತು. ಹಾಲಪ್ಪ ಒಳ್ಳೆಯವನು. ಬಾವಿ ನೀರಿಗೆ ಎರಡು ಬೊಗಸೆ ಉಪ್ಪು ಕದಡಿ, ತಗೋ ನಿನ್ನ ಸಮುದ್ರ ಅಂದನಂತೆ. ದುಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ಇಷ್ಟಕ್ಕೇ ಸಮುದ್ರ ಆಗ್ತಿದ್ರೆ ನಿಮ್ಮನೆ ಉಪ್ಪಿನಕಾಯಿ ಜಾಡಿಲೂ ತೆರೆ ಏಳ್ತಿತ್ತು," ಅಂದಳು.

ಆಮೇಲೆ ತಾನೇ ಕಲಸಲು ಕೂತಳು. ಉಪ್ಪು ಸಮುದ್ರದ ರುಚಿ ಮಾತ್ರ, ಕಸುವು ಬೇರೆಯೇ ಇದೆ ಅಂತ ಅವಳ ಅಪ್ಪ ಹೇಳುತ್ತಿದ್ದನಂತೆ. ಮಳೆ ನೀರು ಹಿಡಿದು ಉಪ್ಪು ಕರಗಿಸಿದಳು. ಆ ಕಸುವು ಬರಲಿ ಅಂತ ಬೆಳಿಗ್ಗೆ ಸುಣ್ಣದ ತಿಳಿ ಹನಿಸುವಳು, ಸಂಜೆ ಅಗಸರು ಬಟ್ಟೆಗೆ ಹಾಕುವ ಸವುಳು ಮಣ್ಣಿನ ತಿಳಿ ಹನಿಸುವಳು. ಎರಡನ್ನೂ ಒಟ್ಟಿಗೆ ಮಾತ್ರ ಹಾಕುತ್ತಿರಲಿಲ್ಲ. ಸಾಕೋ ಬೇಕೋ ನೋಡಲು ತಾಳಿಯ ಅರಿಶಿನ ದಾರದ ತುದಿಯನ್ನು ನೀರಿಗೆ ಅದ್ದುವಳು. ಕಸುವಿಲ್ಲದಿದ್ದರೆ ದಾರ ಹಳದಿಯಾಗಿಯೇ ಉಳಿಯುತ್ತದೆ, ಅತಿಯಾದರೆ ಕುಂಕುಮದ ಹಾಗೆ ಕೆಂಪಾಗುತ್ತದೆ. ನಡುವೆ, ಪಾರಿಜಾತದ ತೊಟ್ಟಿನ ಬಣ್ಣ ಬಂದರೆ ನೀರು ಹದಕ್ಕೆ ಬಂತು ಅಂತ.

ಇದೆಲ್ಲ ದುಗ್ಗಿಗೆ ಗೊತ್ತಿತ್ತು. ಕೆಂಚವ್ವನ ಕಣ್ಣಿಗೆ ಬಿದ್ದದ್ದು ಇಷ್ಟೇ: ಸೊಸೆ ಬೆಳಗೆದ್ದು ಭರಣಿಯ ಮೇಲೆ ಬಗ್ಗುತ್ತಾಳೆ, ತಾಳಿಯ ದಾರ ಅದ್ದುತ್ತಾಳೆ, ಎತ್ತಿ ನೋಡಿ "ಇನ್ನೂ ಸಾಲದು" ಅನ್ನುತ್ತಾಳೆ. ಅದೇ ಹೊತ್ತಿಗೆ ಹಾಲಪ್ಪ ಮಳೆಯಲ್ಲಿ ನೆನೆದು ಕೆಮ್ಮು ಹಿಡಿಸಿಕೊಂಡ. ತಾಯಿ ಎರಡಕ್ಕೂ ಗಂಟು ಹಾಕಿದಳು. ನನ್ನ ಮಗನ ಆಯಸ್ಸು ಅಳೆಯುತ್ತಿದ್ದಾಳೆ, ಅದೂ ಸಾಲದು ಅನ್ನುತ್ತಿದ್ದಾಳೆ ಅಂತ ಪಕ್ಕದ ಮನೆಯವಳ ಕಿವಿಯಲ್ಲಿ ಹೇಳಿದಳು. ಕಿವಿಯಲ್ಲಿ ಹೇಳಿದ್ದು ಕೆರೆ ಏರಿಯವರೆಗೂ ಹೋಯಿತು. ಹಾಲಪ್ಪ ಕೆಮ್ಮಿದರೆ ಬೀದಿಯೆಲ್ಲ ತಿರುಗಿ ನೋಡುತ್ತಿತ್ತಂತೆ. ಪಾಪ, ಅವನು ಕೆಮ್ಮು ನುಂಗಿಕೊಂಡು ಕಣ್ಣು ಮೇಲೆ ಮಾಡುವುದನ್ನು ಕಂಡು, ಇನ್ನೇನು ಮುಗಿಯಿತು ಅಂದುಕೊಳ್ಳುತ್ತಿದ್ದರಂತೆ.

ಕೆಂಚವ್ವ ಮರೆಯಲ್ಲಿ ನಿಂತು ಕಣ್ಣಿಟ್ಟು ನೋಡಿದಳು, ಯೋಚನೆ ಮಾಡಿದಳು. ಸೊಸೆ ಹನಿ ಹನಿ ಹಾಕಿದ ಹಾಗೆಲ್ಲ ದಾರ ಕೆಂಪಿನ ಕಡೆಗೆ ತಿರುಗುತ್ತದೆ. ಕೆಂಪು ಅಂದರೆ ಕುಂಕುಮ, ಕುಂಕುಮ ಅಂದರೆ ಮುತ್ತೈದೆತನ. ಮಗನ ಆಯಸ್ಸಿಗೆ ಯಾಕೆ ಜಿಪುಣತನ? ದುಗ್ಗಿ ಬಟ್ಟೆ ಒಗೆಯಲು ಕೆರೆಗೆ ಹೋದದ್ದೇ ತಡ, ಸುಣ್ಣದ ತಿಳಿಯನ್ನೂ ಸವುಳಿನ ತಿಳಿಯನ್ನೂ ಎರಡು ಕೈಯಲ್ಲಿ ಎತ್ತಿ ಒಟ್ಟಿಗೆ ಸುರಿದಳು.

ನೀರು ಮಜ್ಜಿಗೆಯಾಯಿತು. ಹೂವೂ ಇಲ್ಲ, ಮೀನೂ ಇಲ್ಲ, ಬರೀ ಬೆಳ್ಳಗೆ. ಮಗ ಹೋದ ಅಂತ ಕೆಂಚವ್ವ ಬಾಯಿ ಬಡಿದುಕೊಂಡಳು. ಒಳಗೆ ಉಣ್ಣುತ್ತಿದ್ದ ಹಾಲಪ್ಪ ಓಡಿ ಬಂದ. ಅವನ ಕಾಲು ಹಿಡಿದುಕೊಂಡೇ ಅವನು ಹೋದ ಅಂತ ಅತ್ತಳಂತೆ. ಇದ್ದೀನಿ ಕಣವ್ವಾ ಅನ್ನೋಣವೆಂದರೆ ಅವನ ಬಾಯಿ ತುಂಬ ಮುದ್ದೆ.

ದುಗ್ಗಿ ಬಂದಳು, ನೋಡಿದಳು, ದಾರ ಅದ್ದಿದಳು. ದಾರ ಉದ್ದಕ್ಕೂ ಕೆಂಪಾಯಿತು. ತವರು ಬಿಟ್ಟು ಬರುವಾಗಲೂ ಅಳದವಳು ಅಲ್ಲೇ ನೆಲಕ್ಕೆ ಕೂತು ಅತ್ತಳು. "ದಾರ ಅದ್ದೋದು ನೀರಿನ ಹದ ನೋಡೋಕೆ ಅತ್ತೆ, ಬೇರೇನೂ ಇಲ್ಲ. ಇದು ನನ್ನ ತವರು. ಇದು ಬಿಟ್ರೆ ಈ ಊರಲ್ಲಿ ನನ್ನ ಗುರುತಿನವ್ರು ಯಾರೂ ಇಲ್ಲ," ಅಂದಳು.

ಕೆಂಚವ್ವನಿಗೆ ತನ್ನ ಕಾಲದ್ದು ನೆನಪಾಯಿತು. ತಾನು ಸೊಸೆಯಾಗಿ ಬಂದಾಗ ತವರಿಂದ ಒಂದು ಕುರಿಮರಿ ತಂದಿದ್ದಳು. ಅದಕ್ಕೆ ಹೆಸರಿತ್ತು. ಆ ವರ್ಷದ ಹಬ್ಬಕ್ಕೆ ಅದು ಸಾರಾಗಿತ್ತು, ಬಡಿಸಿದವಳೂ ತಾನೇ.

ಮುಂದೇನು ಮಾಡಬೇಕು ಅಂತ ಅವಳೇ ಕೇಳಿದಳು. ಇನ್ನೊಂದು ಗಡಿಗೆಯಲ್ಲಿ ಉಪ್ಪು ಕರಗಿಸಿಟ್ಟ ನೀರಿದೆ, ಸುಣ್ಣ ಬಿದ್ದಿದೆ, ಸವುಳು ಇನ್ನೂ ಹದಕ್ಕೆ ಬಂದಿಲ್ಲ, ನೋಡೋಣವೆಂದರೆ ದಾರ ಕೆಂಪಾಗಿ ಕೂತಿದೆ ಅಂದಳು ದುಗ್ಗಿ. ಕೆಂಚವ್ವ ಹಿಂದೆ ಮುಂದೆ ನೋಡಲಿಲ್ಲ. ತನ್ನ ಕೊರಳಿನ ತಾಳಿಯನ್ನು ಸೆರಗಿನ ಒಳಗಿಂದ ಎಳೆದು ದಾರವನ್ನು ಗಡಿಗೆಗೆ ಇಳಿಬಿಟ್ಟಳು. ಮನೆಯಲ್ಲಿ ಅರಿಶಿನ ಹಚ್ಚಿದ ಬೇರೆ ಬಟ್ಟೆ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಕೆಂಚವ್ವನಿಗೆ ಹೊಳೆಯಲಿಲ್ಲ, ದುಗ್ಗಿ ಹೇಳಲಿಲ್ಲ.

"ಸಾಕೇನೇ?" ಅಂತ ಅತ್ತೆ.

"ಇನ್ನೂ ಸಾಲದು," ಅಂತ ಸೊಸೆ.

ಜಗಲಿಯಲ್ಲಿ ಕೂತಿದ್ದ ಕೆಂಚವ್ವನ ಗಂಡ ಎದೆ ಮುಟ್ಟಿ ನೋಡಿಕೊಂಡನಂತೆ.

ಹನಿ ಹಾಕಿ, ಕದಡಿ, ಕಾದು, ಅಂತೂ ಪಾರಿಜಾತದ ತೊಟ್ಟಿನ ಬಣ್ಣ ಬಂತು. ಕಲ್ಲನ್ನೂ ಮೀನನ್ನೂ ಮಜ್ಜಿಗೆಯಿಂದ ಎತ್ತಿ ಹೊಸ ನೀರಿಗೆ ಇಳಿಸಿದರು. ಮೀನು ಎರಡೂ ಬದುಕಿದ್ದವು. ಹೂವು ಮಾತ್ರ ಮುದುಡಿಯೇ ಇತ್ತು. ಕೆಂಚವ್ವ ಉಣ್ಣದೆ ಅದರ ಮುಂದೆ ಕೂತಳು. ಕೊನೆಗೆ ಒಂದು ಎಸಳು ಬಿಡಿಸಿತು ನೋಡಿ, ಆಗ ಎದ್ದು ಮುಖ ತೊಳೆದುಕೊಂಡಳಂತೆ.

ಆಮೇಲೆ ದುಗ್ಗವ್ವ ಕೆರೆಯನ್ನೇ ಸಮುದ್ರ ಮಾಡಿದಳು ಅಂತಾರೆ, ತಿಮಿಂಗಿಲ ಸಾಕಿದಳು ಅಂತಲೂ ಅಂತಾರೆ. ಅದು ಊರವರ ಬಾಯಿ, ನಾನು ನಂಬುವುದಿಲ್ಲ. ಆದರೆ ಬಿಳಿಗಲ್ಲೂರಿನಲ್ಲಿ ಇವತ್ತಿಗೂ ಹೊಸ ಸೊಸೆ ಹೊಸಿಲ ಮುಂದೆ ನಿಂತಾಗ ಅತ್ತೆಯಾದವಳು, ತವರಿಂದ ಏನು ತಂದೆ, ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಳಲೇಬೇಕು. ಕೇಳದೆ ಒಳಗೆ ಕರೆಯುವಂತಿಲ್ಲ. ಒಬ್ಬಳು ಬೆಕ್ಕು ಅಂದಳಂತೆ, ಇನ್ನೊಬ್ಬಳು ಮಲ್ಲಿಗೆ ಬಳ್ಳಿ ಅಂದಳಂತೆ. ಹೋದ ವರ್ಷ ಬಂದ ಒಬ್ಬ ಸೊಸೆ, ಸಿಟ್ಟು ಬಿಟ್ಟರೆ ಏನೂ ತಂದಿಲ್ಲ ಅಂದುಬಿಟ್ಟಳು.

ಅತ್ತೆ ಹೊಸಿಲಿಂದ ಪಕ್ಕಕ್ಕೆ ಸರಿದು ಹೇಳಿದಳಂತೆ: "ತಗೊಂಡು ಬಾರವ್ವ ಒಳಗೆ. ನಂದು ಇಟ್ಟಿರೋ ಕಡೆ ಇಡಬ್ಯಾಡ, ಅಷ್ಟೆ."