ಡಂಗುರದ ಕಾಟಯ್ಯ ಹೆಗ್ಗುಡ್ಡ ಹತ್ತಿದ್ದು

“ಕೇಳಿರಪ್ಪಾ ಕೇಳಿ. ಬೀರರಸರ ಮಗಳು ಚಂದಬ್ಬೆ ಅರಮನೆ ಬಿಟ್ಟು ಹೆಗ್ಗುಡ್ಡದ ಬೌದ್ಧ ವಿಹಾರ ಸೇರಿದ್ದಾಳೆ. ಕೋಣೂರಿನ ಮಹಾದೇವ ದೇಗುಲದಿಂದ ಅಲ್ಲಿಗೆ ಹೋಗಿ, ಅವಳ ಮೂರು ಒಗಟು ಬಿಡಿಸಿ ಕರೆತಂದವರಿಗೆ ಅರ್ಧ ರಾಜ್ಯ. ಸೋತವರಿಗೆ ತಲೆದಂಡ.”

ಸಾರಿದವನು ಕಾಟಯ್ಯ. ಅರ್ಧ ರಾಜ್ಯ ಎನ್ನುವಾಗ ದನಿ ಏರಿಸಬೇಕು, ತಲೆದಂಡ ಎನ್ನುವಾಗ ತಮಟೆ ಜೋರಾಗಿ ಬಡಿಯಬೇಕು ಎಂದು ಅರಮನೆಯ ಅಪ್ಪಣೆಯಾಗಿತ್ತು. ಕಾಟಯ್ಯ ನಿಷ್ಠಾವಂತ. ಹಾಗಾಗಿ ಸಾಯುವವರಿಗೆ ಕೊರತೆಯಾಗಲಿಲ್ಲ.

ಮಾಂಡಲಿಕನ ಮಗ ಪಲ್ಲಕ್ಕಿಯಲ್ಲಿ ಹೋದ. ಮೊದಲ ಒಗಟಿಗೇ ಸೋತು ಕಾವಲಿನವರ ಜೊತೆ ಇಳಿದು ಬಂದ. ಆಸ್ಥಾನದ ಪಂಡಿತ ಎರಡನೆಯದಕ್ಕೆ ಮುಗ್ಗರಿಸಿದ. ತಲೆ ಹೋಗುವಾಗಲೂ ಒಗಟಿನಲ್ಲೇ ದೋಷವಿದೆ ಎಂದು ವಾದಿಸಿದ.

ಆಮೇಲೆ ಹೊರಟವನು ಕಾಟಯ್ಯನ ತಮ್ಮ ಬೂಚ.

“ಬೇಡ ಕಣೋ” ಎಂದ ಕಾಟಯ್ಯ.

“ದಿನಾ ಅರ್ಧ ರಾಜ್ಯ ಅಂತ ಕೂಗ್ತೀಯ. ನಿನ್ನ ಮಾತು ನಿನಗೇ ನಂಬಿಕೆ ಇಲ್ವಾ ಅಣ್ಣ?”

ಬೂಚ ಮೂರನೆಯ ಒಗಟಿಗೆ ಸೋತ. ಅಮಾವಾಸ್ಯೆಯ ಸಂಜೆ ತಲೆದಂಡ ಎಂದಾಯಿತು. ತಾನು ಗೆದ್ದರೆ ದೊರೆಯ ಬಳಿ ತಮ್ಮನ ಜೀವ ಕೇಳಬಹುದೆಂದು, ಅದೇ ದಿನ ಬೆಳಕು ಹರಿಯುವಾಗ ಕಾಟಯ್ಯ ದೇಗುಲಕ್ಕೆ ಕೈಮುಗಿದು ನಡೆದ. ನವಣೆ ಹೊಲ, ಹಳ್ಳ, ಬಂಡೆಗಳ ಏರು ದಾಟಿ ವಿಹಾರ ತಲುಪುವಾಗ ಸೂರ್ಯ ನೆತ್ತಿಗೆ ಬಂದಿದ್ದ.

ತಲೆ ಬೋಳಿಸಿದ ಚಂದಬ್ಬೆ ನೆಲ ನೋಡುತ್ತಲೇ ಕೇಳಿದಳು: “ದೇಗುಲ ಬಿಡುವಾಗ ನಿನಗಿಂತ ಉದ್ದ, ಇಲ್ಲಿ ಪಾದದಡಿ. ಏನದು?”

“ನೆರಳು ತಾಯಿ. ಬೆಳಗ್ಗೆ ಉದ್ದ ಇತ್ತು, ಈಗ ಅದರ ಮೇಲೇ ನಿಂತಿದ್ದೀನಿ.”

“ಬರಿದಾಗಿ ಹೊರಡುತ್ತದೆ, ತುಂಬಿ ಬರುತ್ತದೆ. ತುಂಬಿದವರ ಮುಖ ಮಾತ್ರ ಕಾಣದು.”

“ನಿಮ್ಮ ಭಿಕ್ಷಾಪಾತ್ರೆ. ನಮ್ಮ ಬೀದಿಗೆ ಬರುವ ಭಿಕ್ಷುಗಳು ನೀಡಿದವರ ಮುಖ ನೋಡೋದಿಲ್ಲ. ಅದು ನಿಮ್ಮ ನೇಮ.”

“ದೊರೆ ಇದನ್ನು ಕಳಿಸಬಲ್ಲ, ಹಿಂದಕ್ಕೆ ಕರೆಸಲಾರ. ನಿನಗಿಂತ ಮುಂಚೆ ಬಂದವನು ವಯಸ್ಸು ಅಂದ.”

“ವಯಸ್ಸು ಅಂದವನು ನನ್ನ ತಮ್ಮ. ಅದು ಆಡಿದ ಮಾತು ತಾಯಿ. ಊರೆಲ್ಲ ಸಾರಿದವನು ನಾನೇ. ಇವತ್ತು ಸಂಜೆ ಅವನ ತಲೆ ತೆಗೀತಾರೆ.”

“ಸೋತವರು ಮನೆಗೆ ಹೋಗುತ್ತಾರೆ ಅಂದುಕೊಂಡಿದ್ದೆ.”

“ಹೋಗ್ತಾರೆ. ತಲೆ ಬೇರೆ, ಮುಂಡ ಬೇರೆ.”

ಚಂದಬ್ಬೆ ಪಾತ್ರೆ ಎತ್ತಿಕೊಂಡು ಅವನಿಗಿಂತ ಮುಂದಾಗಿ ಬೆಟ್ಟ ಇಳಿದಳು.

ಬೀರರಸನಿಗೆ ಮಗಳನ್ನು ಕಂಡು ಸಂತೋಷವಾಯಿತು. ಅರ್ಧ ರಾಜ್ಯ ಕೊಡಲು ಎದ್ದೇ ನಿಂತ.

“ರಾಜ್ಯ ಬೇಡ ಬುದ್ಧಿ, ನನ್ನ ತಮ್ಮನ್ನ ಬಿಟ್ಟುಬಿಡಿ” ಎಂದ ಕಾಟಯ್ಯ.

“ಆಡಿದ ಮಾತು ಹಿಂದಕ್ಕೆ ಬಾರದು ಅಂತ ಹೇಳಿ ನೀನು ಗೆದ್ದೆ. ಈಗ ನಾನು ಮಾತು ಹಿಂದಕ್ಕೆ ತಗೊಂಡರೆ ನಿನ್ನ ಉತ್ತರ ಸುಳ್ಳಾಗುತ್ತೆ.”

“ಆಗಲಿ ಬುದ್ಧಿ, ನನ್ನ ತಲೆ ತಗೊಳ್ಳಿ.”

“ಉತ್ತರ ಸರಿ ಅಂತ ಮಗಳೇ ಒಪ್ಪಿದ್ದಾಳಲ್ಲ.”

ಬಾಯಿಬಿಟ್ಟು ಬೇಡುವುದು ವಿಹಾರದ ನೇಮಕ್ಕೆ ವಿರುದ್ಧ. ಚಂದಬ್ಬೆ ಬರಿದಾದ ಪಾತ್ರೆಯನ್ನು ತಂದೆಯ ಮುಂದೆ ಹಿಡಿದು ನಿಂತಳು. ಮಗಳಿಗೆ ಹಸಿವು ಎಂದುಕೊಂಡು ದೊರೆ ಅನ್ನ ತರಿಸಿದ. ಅನ್ನ ಬರುವಷ್ಟರಲ್ಲಿ ಸಂಜೆಯಾಗಿತ್ತು.

ಮರುದಿನ ಬೆಳಗ್ಗೆ ಅವಳು ಅದೇ ಪಾತ್ರೆ ಹಿಡಿದು ಬೀದಿಗಿಳಿದಳು. ಅರ್ಧ ರಾಜ್ಯದ ಒಡೆಯ ತನ್ನ ಗುಡಿಸಲ ಹೊಸ್ತಿಲಲ್ಲಿ ಕುಳಿತಿದ್ದ.

“ಸೂತಕದ ಮನೆ ತಾಯಿ. ಒಲೆ ಹಚ್ಚಿಲ್ಲ. ಇಲ್ಲಿಂದ ಭಿಕ್ಷೆ ಕೊಡಬಾರದು. ಮುಂದಿನ ಮನೆಗೆ ಹೋಗಿ.”

ಅವಳು ಕದಲಲಿಲ್ಲ. ಬೂಚ ಬಿಡುಗಡೆಯಾಗಿ ಬಂದರೆ ಹಸಿದಿರುತ್ತಾನೆಂದು ಕಟ್ಟಿಟ್ಟಿದ್ದ ರೊಟ್ಟಿ ಮೂಲೆಯಲ್ಲಿತ್ತು. ಕಾಟಯ್ಯ ಎದ್ದು ಹೋಗಿ ತಂದು ಪಾತ್ರೆಗೆ ಹಾಕಿದ.

ಚಂದಬ್ಬೆ ತಲೆಯೆತ್ತಿ ಅವನ ಮುಖ ನೋಡಿದಳು. ಸಾಕಷ್ಟು ಹೊತ್ತು ನೋಡಿದಳು. ವಿಹಾರದಲ್ಲಿ ಆ ತಪ್ಪಿಗೆ ಪ್ರಾಯಶ್ಚಿತ್ತವಿದೆ. ಅದು ಅವಳಿಗೆ ಗೊತ್ತಿತ್ತು.