ಹಂಪಣ್ಣನವರ ಪಾಠ

ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳೊಬ್ಬಳು ಎರಡು ವರ್ಷ ತನ್ನ ಗೈಡ್ ಪ್ರೊಫೆಸರ್ ಹಂಪಣ್ಣನವರ ಬಿ.ಎಡ್. ತರಗತಿಗಳನ್ನೆಲ್ಲ ತಾನೇ ತೆಗೆದುಕೊಂಡಳು. ಪ್ರಬಂಧ ಮುಗಿದಿತ್ತು. ಈ ತಿಂಗಳು ಅವರ ಸಹಿ ಬೀಳದಿದ್ದರೆ ನೋಂದಣಿ ರದ್ದು.

"ಇನ್ನೊಂದು ವರ್ಷ ಪಾಠ ಮಾಡಮ್ಮ, ಆಮೇಲೆ ಸಹಿ," ಎಂದರು ಹಂಪಣ್ಣ. ಹೋದ ವರ್ಷವೂ ಇದನ್ನೇ ಅಂದಿದ್ದರು.

ಮರುದಿನ ಬಂದಳು. "ಒಂದು ಅಧ್ಯಾಯ ಸೇರಿಸಿದ್ದೀನಿ ಸಾರ್. ಅಧ್ಯಾಪಕರ ಗೈರುಹಾಜರಿ ಮತ್ತು ಕಲಿಕೆ."

"ಮಾಹಿತಿ ಎಲ್ಲಿ ಸಿಕ್ತು?"

"ಒಬ್ಬರದೇ ಸಾರ್. ನೂರ ಹನ್ನೆರಡು ತರಗತಿ, ತಾರೀಖು ಸಮೇತ. ಹೆಸರು ಹಾಕಿಲ್ಲ."

ಹಂಪಣ್ಣ ಅವಳ ಮುಖವನ್ನೇ ಅನುಮಾನದಿಂದ ನೋಡಿದರು. ಅಲ್ಲಿ ನಗು ಕಾಣಲಿಲ್ಲ.

"ಆ ಅಧ್ಯಾಯ ತೆಗಿ. ಉಳಿದದ್ದು ಚೆನ್ನಾಗಿದೆ," ಎಂದು, ಉಳಿದದ್ದನ್ನು ಓದದೆಯೇ ಸಹಿ ಹಾಕಿದರು.

ಸೋಮವಾರ ಅವರೇ ಚಾಕ್‌ಪೀಸ್ ಹಿಡಿದು ತರಗತಿಗೆ ಹೋದರು. ಮುಂದಿನ ಬೆಂಚಿನ ಹುಡುಗಿ ವಿನಯದಿಂದ ಎದ್ದು ನಿಂತಳು.

"ಯಾರು ಬೇಕಾಗಿತ್ತು ಸಾರ್?"