ತೆನೆ ಬಂದ ಮೇಲೆ ಹಾಕಿದ ಗೊಬ್ಬರ

ಹೊಳೆದಂಡೆಯ ಆ ಮಠದಲ್ಲಿ ಕಾಯಿಲೆ ಬಿದ್ದವರಿಗೆ ಜವೆಗೋಧಿಯ ಮಾಲ್ಟ್ ಕಾಯಿಸಿ ಕೊಡುವ ಪದ್ಧತಿ. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟು. ಬೆಲ್ಲ ಹಾಕದಿದ್ದರೂ ಸಿಹಿ.

ಆ ಬೆಳೆ ನೋಡಿಕೊಳ್ಳುತ್ತಿದ್ದವನು ಮುರಿಗೆಪ್ಪ. ಮೀಸೆ ಮೂಡುವ ಮುಂಚೆ ಮಠಕ್ಕೆ ಬಂದವನಿಗೆ ಈಗ ಗಡ್ಡ ನೆರೆತಿತ್ತು.

ಒಂದು ದಿನ ಗುರುಗಳಾದ ನಿರ್ವಾಣಜ್ಜ ಕರೆದು ಹೇಳಿದರು, "ಸುಗ್ಗಿ ಮುಗೀತಂದ್ರ ಆಚಿ ದಂಡಿ ಮಠಕ್ಕ ನೀ ಹೋಗಬೇಕು. ಅಲ್ಲಿ ಮಂದಿಗೆ ಗುರು ಇಲ್ಲ."

ಹೋಗಲು ಮುರಿಗೆಪ್ಪನಿಗೆ ಎಳ್ಳಷ್ಟೂ ಮನಸ್ಸಿಲ್ಲ. ಅಜ್ಜಾರ ಕಣ್ಣೆದುರು ಇದೇ ತನ್ನ ಕಡೆಯ ಬೆಳೆ!

ಪೈರು ಸಣ್ಣದಿದ್ದಾಗ ಹಾಕಬೇಕಾದ ಗೊಬ್ಬರವೆಲ್ಲ ಹಾಕಿಯಾಗಿತ್ತು. ಆದರೂ ಮನಸ್ಸು ತಡೆಯಲಿಲ್ಲ. ತೆನೆ ಹೊರಬಿದ್ದ ಮೇಲೆ ಯಾರನ್ನೂ ಕೇಳದೆ ಇನ್ನೊಮ್ಮೆ ಯೂರಿಯಾ ಎರಚಿ ನೀರು ಬಿಟ್ಟ.

ಹೊಲ ಕಡುಹಸಿರಾಯಿತು. ದಾರಿಹೋಕರೆಲ್ಲ ನಿಂತು ಹೊಗಳಿದರು. ಮುರಿಗೆಪ್ಪ ಉಬ್ಬಿಹೋದ. ಅಜ್ಜಾರು ಮಾತ್ರ ಒಂದು ಗಳಿಗೆ ನೋಡಿ ಒಳಗೆ ಹೋದರು.

ಸುಗ್ಗಿಯಾಯಿತು. ಕಾಳು ನೆನೆಹಾಕಿದರೆ ಕೆಲವು ಮೊಳೆತವು, ಕೆಲವು ಹಾಗೇ ಕೂತವು. ಬೀಸಿ ಕಾಯಿಸಿದ್ದಾಯಿತು. ಅಜ್ಜಾರು ಮೊದಲ ಲೋಟವನ್ನು ಅವನ ಕೈಗೇ ಕೊಟ್ಟರು.

"ಕುಡಿ."

ಕುಡಿದ. ಸಿಹಿಯೇ ಇಲ್ಲ. ಮುಖ ಹುಳ್ಳಗಾಯಿತು.

"ನಾ ಏನು ಕಡಿಮಿ ಮಾಡಿದ್ನಿರಿ ಅಜ್ಜಾರ?"

"ಕಡಿಮಿ ಏನಿಲ್ಲ. ಸಣ್ಣ ಪೈರಿಗೆ ಹಾಕಿದ್ದು ಬೇರಿಗೆ ಹೋತು, ಬುಡದಾಗ ಹೊಸ ಮರಿ ಒಡೀತು. ತೆನಿ ಬಂದ ಮ್ಯಾಲ ಹಾಕಿದ್ದು ಕಾಳಿಗೆ ಹೋತು, ಕಾಳು ಬಿರುಸಾತು. ಈಗ ನೀರು ಒಳಗ ಇಳೀವಲ್ದು. ಮೊಳಕಿ ಇಲ್ಲಂದ್ರ ಸಿಹಿನೂ ಇಲ್ಲ."

"ಪ್ರೀತಿಲೆ ಹಾಕಿದ್ನಿರಿ."

"ನನಗ ಗೊತ್ತೈತಿ."

ಮುರಿಗೆಪ್ಪನಿಗೆ ಒಂದು ಆಸೆ ಚಿಗುರಿತು. "ಹಂಗಾದ್ರ ನಾ ಇನ್ನೂ ಕಲಿಯೋದು ಐತ್ರಿ. ಮುಂದಿನ ಬೆಳಿತನಕ ಇಲ್ಲೇ ಇರ್ತೀನಿ. ಇನ್ನೊಂದೀಟು ಹೇಳಿಕೊಡ್ರಿ."

ಅಜ್ಜಾರು ಎದ್ದು, ಅವನ ಬಟ್ಟೆಯ ಗಂಟನ್ನು ತಾವೇ ಹೆಗಲಿಗೇರಿಸಿ ಹೊಳೆಯ ಕಡೆ ನಡೆದರು. ಅವನು ಹಿಂದೆ ಹಿಂದೆ ಹೋದ.

ಅಂಬಿಗ ದೋಣಿ ಹಿಡಿದು ಕಾಯುತ್ತಿದ್ದ. ಮುರಿಗೆಪ್ಪ ಗುರುವಿನ ಪಾದ ಹಿಡಿದವನು ಬಿಡಲಿಲ್ಲ. ಅಷ್ಟು ವಯಸ್ಸಾಗಿದ್ದರೂ ಬಿಕ್ಕಿ ಬಿಕ್ಕಿ ಅತ್ತ.

"ದಾರಿಗೆ ಇನ್ನೊಂದು ಮಾತರ ಹೇಳಿ ಕಳಸ್ರಿ ಅಜ್ಜಾರ."

ನಿರ್ವಾಣಜ್ಜ ಅವನನ್ನು ಹಿಡಿದೆತ್ತಿದರು.

"ಇನ್ನೊಂದು ಮಾತು ನನ್ನ ಬಾಯಿತನಕ ಬಂದೈತಿ, ಮಗನ. ಆದ್ರ ನಿನಗೂ ತೆನಿ ಬಂದೈತಿ. ಅದಕ್ಕ ಹೇಳಾಕತ್ತೇನಿ, ಲಗೂನ ದೋಣಿ ಹತ್ತು."